ಮಾರ್ಕೆಟ್ ಬಿದ್ದ ಮೇಲೆ ಹಾಕಲೇನ್ರಿ ಅಂತ ಕೇಳುವವರಿಗೆ

ಜುಲೈ ಬಂತೆಂದರೆ ನಮ್ಮ ಆಫೀಸಿನಲ್ಲಿ ಕೂರಲು ಕುರ್ಚಿ ಸಾಲುವುದಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಕೂತು ನಾನು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬುತ್ತೇನೆ. ಸಾಲಿ ಮಾಸ್ತರರು, ನರ್ಸ್‌ಗಳು, ಬ್ಯಾಂಕಿನವರು ಬರುತ್ತಾರೆ. ಕೆಲಸ ಮುಗಿದು, ಚಹಾ ಕುಡಿದು, ಇನ್ನೇನು ಹೊರಡಬೇಕು ಅನ್ನುವಾಗ ಬಾಗಿಲ ಹತ್ತಿರ ನಿಂತು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಇಂಡೆಕ್ಸ್ ಫಂಡ್‌ನಾಗ ಹಾಕ್ಬೇಕಂತ ಮಾಡೀನ್ರಿ ಸರ್. ಆದ್ರ ಮಾರ್ಕೆಟ್ ಈಗ ಭಾಳ ಮ್ಯಾಲದಂತ. ಬಿದ್ದ ಮ್ಯಾಲ ಹಾಕ್ಲೇನ್ರಿ?"

ನನ್ನ ಉತ್ತರ: ಕಾಯಬೇಡಿ. ಆದರೆ ಯಾವ ದುಡ್ಡು ಹಾಕುತ್ತೀರಿ ಅಂತ ಮೊದಲು ಹೇಳಿ.

ಇಂಡೆಕ್ಸ್ ಫಂಡ್ ಅಂದರೆ ಕಷ್ಟದ್ದೇನಲ್ಲ. ನಿಫ್ಟಿ 50 ಅಂದರೆ ದೇಶದ 50 ದೊಡ್ಡ ಕಂಪನಿಗಳ ಪಟ್ಟಿ. ಆ ಪಟ್ಟಿಯಲ್ಲಿದ್ದ ಶೇರ್‌ಗಳನ್ನೇ ಕೊಳ್ಳುವುದು ನಿಫ್ಟಿಯ ಇಂಡೆಕ್ಸ್ ಫಂಡ್. ನೀವು 500 ರೂಪಾಯಿ ಹಾಕಿದರೂ ಅದು ಆ ಐವತ್ತಕ್ಕೂ ಹಂಚಿಹೋಗುತ್ತದೆ, ದೊಡ್ಡ ಕಂಪನಿಗೆ ಜಾಸ್ತಿ ಪಾಲು, ಸಣ್ಣದಕ್ಕೆ ಕಡಿಮೆ. ಯಾವ ಶೇರ್ ಒಳ್ಳೆಯದು ಅಂತ ಯಾರೂ ಊಹೆ ಮಾಡುವುದಿಲ್ಲ. ಆರು ತಿಂಗಳಿಗೊಮ್ಮೆ ಪಟ್ಟಿ ಪರಿಶೀಲನೆ ಆಗುತ್ತದೆ, ಹಿಂದೆ ಬಿದ್ದ ಕಂಪನಿ ಹೊರಗೆ, ಬೆಳೆದದ್ದು ಒಳಗೆ. ಪಕ್ಕದ ಹೈದರಾಬಾದಿನ ಸತ್ಯಂ ಕಂಪನಿ ನೆನಪಿದೆಯಲ್ವಾ? 2009ರ ಜನವರಿಯಲ್ಲಿ ಅದರ ಲೆಕ್ಕವೇ ಸುಳ್ಳು ಅಂತ ಹೊರಬಂತು. ಅದೂ ನಿಫ್ಟಿಯಲ್ಲಿತ್ತು, ಕೆಲವೇ ದಿನಗಳಲ್ಲಿ ತೆಗೆದು ಹಾಕಿದರು. ಬರೀ ಸತ್ಯಂ ಶೇರ್ ಇಟ್ಟುಕೊಂಡವರು ಮುಳುಗಿದರು. ಐವತ್ತೂ ಇಟ್ಟುಕೊಂಡವರಿಗೆ ತಗುಲಿದ್ದು ಸಣ್ಣ ಪೆಟ್ಟು.

ಈಗ ಕಾಯುವ ವಿಷಯ. ನಮ್ಮ ಕಡೆ ದರ ಅಂದರೆ ತೊಗರಿ ದರ. ಡಿಸೆಂಬರ್, ಜನವರಿಯಲ್ಲಿ ರಾಶಿ ಆಗಿ ಗಂಜ್ ಮಾರುಕಟ್ಟೆಗೆ ಮಾಲು ಒಮ್ಮೆಲೇ ಬರುತ್ತದೆ, ದರ ಇಳಿಯುತ್ತದೆ. ನಮ್ಮ ಕಾಕಾ ಪ್ರತಿ ವರ್ಷ ಒಂದಿಷ್ಟು ಚೀಲ ಪಡಸಾಲೆಯಲ್ಲಿ ಒಟ್ಟಿ, ನಡುನಡುವೆ ಬೇವಿನ ಎಲೆ ಹಾಕಿ, ದಿನಾ ಬೆಳಿಗ್ಗೆ ಅಡತಿ ಅಂಗಡಿಗೆ ಫೋನ್ ಮಾಡಿ ದರ ಕೇಳುತ್ತಾರೆ. ಒಂದು ವರ್ಷ ಒಳ್ಳೆ ದರ ಸಿಗುತ್ತದೆ. ಇನ್ನೊಂದು ವರ್ಷ ಬರ್ಮಾದಿಂದ, ಆಫ್ರಿಕಾದಿಂದ ತೊಗರಿ ಬಂದು ದರ ಕುಸಿಯುತ್ತದೆ. ಇದನ್ನೇ ನೋಡಿ ಬೆಳೆದ ನಮಗೆ, ಮೇಲೆ ಹೋದದ್ದು ಇಳಿದೇ ಇಳಿಯುತ್ತದೆ ಅನ್ನುವುದು ರಕ್ತದಲ್ಲೇ ಇದೆ. ತೊಗರಿಗೆ ಅದು ಸರಿ. ಚೀಲದೊಳಗಿನ ತೊಗರಿ ಎಷ್ಟು ವರ್ಷ ಇಟ್ಟರೂ ಅಷ್ಟೇ, ಹುಳ ಬಿದ್ದರೆ ಇನ್ನೂ ಕಡಿಮೆ. ಕಂಪನಿ ಹಾಗಲ್ಲ. ದುಡಿಯುತ್ತದೆ, ಲಾಭ ಮಾಡುತ್ತದೆ, ಒಂದು ಪಾಲು ಹಂಚುತ್ತದೆ, ಉಳಿದದ್ದನ್ನು ಮತ್ತೆ ವ್ಯಾಪಾರಕ್ಕೆ ಹಾಕುತ್ತದೆ. ಆ ಐವತ್ತು ಕಂಪನಿಗಳ ಶೇರ್ ದರ ಒಟ್ಟಾರೆ ಎಷ್ಟು ಏರಿಳಿಯಿತು ಅಂತ ತೋರಿಸುವ ಅಂಕಿಗೂ ನಿಫ್ಟಿ ಅಂತಲೇ ಹೆಸರು. 1995ರ ನವೆಂಬರ್‌ನಲ್ಲಿ 1,000 ಅಂತ ಇಟ್ಟು ಲೆಕ್ಕ ಹಿಡಿದ ನಿಫ್ಟಿ 2024ರ ಆಗಸ್ಟ್‌ನಲ್ಲಿ 25,000 ದಾಟಿತು. ಈ ದಾರಿಯುದ್ದಕ್ಕೂ "ಈಗ ಭಾಳ ಮ್ಯಾಲದ" ಅನ್ನುವ ಮಾತು ಇದ್ದೇ ಇತ್ತು.

ಬೀಳುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಬೀಳುತ್ತದೆ, ಚೆನ್ನಾಗಿಯೇ ಬೀಳುತ್ತದೆ. ಆದರೆ ಅದು ಬೀಳುವ ದಿನ ನಿಮ್ಮ ಕೈ ಏಳುವುದಿಲ್ಲ. ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ.

2020ರ ಮಾರ್ಚ್. ದೇಶದಲ್ಲೇ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯವರದು. ಬೇರೆ ಊರುಗಳಲ್ಲಿ ಅದಿನ್ನೂ ಟಿವಿ ಸುದ್ದಿ, ನಮಗೆ ಆಗಲೇ ಓಣಿಯ ಸುದ್ದಿ. ಅಂಗಡಿಗಳು ಮುಚ್ಚಿದ್ದವು. ಅಪ್ಪನಿಗೆ ಒಣ ಕೆಮ್ಮು, ಅವರನ್ನು ಒಳಗಿನ ಕೋಣೆಯಲ್ಲಿ ಮಲಗಿಸಿದ್ದೆವು. ಮಾರ್ಚ್ 23ರಂದು ನಿಫ್ಟಿ ಒಂದೇ ದಿನ ನೂರಕ್ಕೆ 13ರ ಹತ್ತಿರ ಬಿದ್ದು 7,610ಕ್ಕೆ ಬಂತು. ಜನವರಿಯಲ್ಲಿ ಅದು 12,000ದ ಮೇಲಿತ್ತು. ನಾನು ಬಾಗಿಲ ಹೊಸ್ತಿಲ ಮೇಲೆ ಕೂತು ಫೋನಿನಲ್ಲಿ ಎಸ್‌ಐಪಿ, ಅಂದರೆ ಫಂಡಿಗೆ ತಿಂಗಳು ತಿಂಗಳು ಹೋಗುವ ಕಂತು, ನಿಲ್ಲಿಸಿದೆ. ಇನ್ನೂ ಬೀಳಲಿ, ಆಮೇಲೆ ಹಾಕಿದರಾಯಿತು ಅಂದುಕೊಂಡೆ. ಆಮೇಲೆ ಯಾವ ದಿನದ ವಹಿವಾಟೂ ಅದಕ್ಕಿಂತ ಕೆಳಗೆ ಮುಗಿಯಲೇ ಇಲ್ಲ. ಏಪ್ರಿಲ್‌ನಲ್ಲಿ ಏರಿತು, ಇದು ಸುಳ್ಳು ಏರಿಕೆ ಅಂದುಕೊಂಡೆ. ನವೆಂಬರ್‌ನಲ್ಲಿ ಹಳೆಯ ಎತ್ತರವನ್ನೇ ದಾಟಿತು. ಯಾವ ದಿನಕ್ಕಾಗಿ ಜನ ವರ್ಷಗಟ್ಟಲೆ ಕಾಯುತ್ತಾರೋ ಆ ದಿನ ನನ್ನ ಕೈಯಲ್ಲೇ ಇತ್ತು, ದುಡ್ಡೂ ಇತ್ತು, ಧೈರ್ಯ ಮಾತ್ರ ಇರಲಿಲ್ಲ. ಅಪ್ಪ ಗುಣವಾದರು, ಅದು ದೊಡ್ಡದು. ಆದರೆ ಅಂದಿನಿಂದ ನಾನು ತಿಂಗಳ ಕಂತನ್ನು ಮುಟ್ಟಿಲ್ಲ.

ಎಲ್ಲ ಸಲವೂ ಹೀಗೆ ಬೇಗ ಮೇಲೇಳುವುದಿಲ್ಲ. 2008ರ ಜನವರಿಯಲ್ಲಿ 6,000ದ ಮೇಲಿದ್ದ ನಿಫ್ಟಿ ಅಕ್ಟೋಬರ್ ಹೊತ್ತಿಗೆ 3,000ಕ್ಕಿಂತ ಕೆಳಗಿತ್ತು. ಆ ಎತ್ತರವನ್ನು ಮತ್ತೆ ಮುಟ್ಟಲು ಎರಡು ವರ್ಷದ ಮೇಲೆ ಬೇಕಾಯಿತು, ಅದರ ಮೇಲೆ ಗಟ್ಟಿಯಾಗಿ ನಿಲ್ಲಲು 2013ರ ಕೊನೆ ದಾಟಬೇಕಾಯಿತು. ನಿಫ್ಟಿಯಂಥದೇ ಜಪಾನಿನ ಶೇರ್ ಸೂಚ್ಯಂಕ ನಿಕ್ಕೆಯಂತೂ 1989ರ ಎತ್ತರ ದಾಟಿದ್ದು 2024ರಲ್ಲಿ. ಹಾಗಾಗಿ ಖಂಡಿತ ಏರುತ್ತದೆ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ಎದ್ದು ಬನ್ನಿ. ಯಾವ ದುಡ್ಡು ಅಂತ ನಾನು ಮೊದಲು ಕೇಳುವುದು ಇದಕ್ಕೇ. ಮೂರು ವರ್ಷದಲ್ಲಿ ಮಗಳ ಮದುವೆ ಇದ್ದರೆ ಆ ದುಡ್ಡು ಇಲ್ಲಿಗೆ ಬೇಡ, ಎಫ್‌ಡಿಯಲ್ಲೇ ಇರಲಿ. ಆರು ತಿಂಗಳ ಮನೆಖರ್ಚು ಬೇರೆ ಇರಲಿ. ಹದಿನೈದು, ಇಪ್ಪತ್ತು ವರ್ಷ ಮುಟ್ಟುವ ಅಗತ್ಯವಿಲ್ಲದ ದುಡ್ಡು ಇದೆಯಾ? ಅದನ್ನು ತಿಂಗಳು ತಿಂಗಳು ಹಾಕಿ. ದರ ಬಿದ್ದ ತಿಂಗಳು ಅದೇ ದುಡ್ಡಿಗೆ ಜಾಸ್ತಿ ಯುನಿಟ್ (ಫಂಡಿನ ಪಾಲು) ಸಿಗುತ್ತವೆ, ನೀವು ಲೆಕ್ಕ ಹಾಕುತ್ತಾ ಕೂರಬೇಕಿಲ್ಲ.

ಮಾರ್ಕೆಟ್ ಎಷ್ಟು ಮೇಲಿದೆ ಅಂತ ಕೇಳುವವರು, ಫಂಡ್ ನಡೆಸಲು ವರ್ಷವರ್ಷ ನಿಮ್ಮ ದುಡ್ಡಿನಿಂದ ಹಿಡಿದುಕೊಳ್ಳುವ ಖರ್ಚು ಎಷ್ಟು ಅಂತ ಕೇಳುವುದೇ ಇಲ್ಲ. ನನಗೆ ಬೇಜಾರಾಗುವುದು ಇಲ್ಲಿ. 2013ರಿಂದ ಪ್ರತಿ ಫಂಡ್‌ಗೂ ಡೈರೆಕ್ಟ್ ಪ್ಲಾನ್ ಇದೆ. ಅದರಲ್ಲಿ ಏಜೆಂಟರ ಕಮಿಷನ್ ಇರುವುದಿಲ್ಲ. ತಿಂಗಳಿಗೆ 3,000ದಂತೆ 20 ವರ್ಷ ಹಾಕಿದಿರಿ ಅನ್ನಿ, ನಿಮ್ಮ ಕೈಯಿಂದ ಹೋದದ್ದು 7.2 ಲಕ್ಷ. ವರ್ಷಕ್ಕೆ ಶೇ. 11 ಬೆಳೆದರೆ ಸುಮಾರು 26 ಲಕ್ಷ, ಶೇ. 10 ಆದರೆ 23 ಲಕ್ಷಕ್ಕೂ ಸ್ವಲ್ಪ ಕಡಿಮೆ. ಇದು ಬರೀ ಲೆಕ್ಕ, ಭರವಸೆ ಅಲ್ಲ. ಆದರೆ ಒಂದೇ ಒಂದು ಪರ್ಸೆಂಟ್ ಖರ್ಚು ಮೂರು ಲಕ್ಷ ತಿಂದು ಹಾಕಿತು, ನೋಡಿ. ಎರಡು ನಿಫ್ಟಿ ಫಂಡ್‌ಗಳ ಒಳಗೆ ಇರುವುದು ಅವೇ ಐವತ್ತು ಕಂಪನಿ. ಖರ್ಚು ಕಡಿಮೆ ಇರುವುದನ್ನು, ನಿಫ್ಟಿಯ ಹೆಜ್ಜೆ ಬಿಡದೆ ನಡೆದದ್ದನ್ನು ತಗೊಳ್ಳಿ. ಒಂದು ಸಾಕು, ಐದು ಬೇಡ.

ಟ್ಯಾಕ್ಸ್ ನನ್ನ ಕೆಲಸ, ಹಾಗಾಗಿ ಅದನ್ನೂ ಹೇಳಿಬಿಡುತ್ತೇನೆ. ಒಂದು ವರ್ಷ ದಾಟಿದ ಮೇಲೆ ಮಾರಿದರೆ, ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಮೇಲಿನದಕ್ಕೆ ಶೇ. 12.5. ವರ್ಷದೊಳಗೆ ಮಾರಿದರೆ ಶೇ. 20. ಪ್ರತಿ ತಿಂಗಳ ಕಂತಿಗೂ ವರ್ಷದ ಲೆಕ್ಕ ಬೇರೆಬೇರೆ, ಇದನ್ನು ತುಂಬ ಜನ ಮರೆಯುತ್ತಾರೆ.

ಈ ಸಲ ಜುಲೈನಲ್ಲಿ ಬಾಗಿಲಲ್ಲಿ ನಿಂತು ಕೇಳಿದ್ದು ಒಬ್ಬ ನರ್ಸ್ ಅಕ್ಕ. ಮತ್ತೆ ಒಳಗೆ ಕರೆದು ಕೂರಿಸಿದೆ. ಪ್ಯಾನ್, ಆಧಾರ್ ಇತ್ತು, ಅರ್ಧ ಗಂಟೆಯಲ್ಲಿ ಕೆವೈಸಿ ಅರ್ಜಿ ಹಾಕಿದೆವು. 5,000 ಅಂದರು, ಸಾಲದ ಕಂತು ಕೇಳಿ 2,000ಕ್ಕೆ ಇಳಿಸಿದೆ. ತಾರೀಖು ಯಾವುದು ಇಡಲಿ ಅಂದೆ. "ಏಳಕ್ಕ ಇಡ್ರಿ ಸರ್, ಅಷ್ಟೊತ್ತಿಗೆ ಪಗಾರ ಆಗಿರ್ತದ" ಅಂದರು.