ಐಸಾ!

ಇವತ್ತು ನಾಲ್ಕು ಜನ ಸೇರಿ ಬೀರು ಮಹಡಿಗೆ ಹತ್ತಿಸಿದೆವು. ಅರ್ಧ ಮೆಟ್ಟಿಲಿಗೇ ನಿಂತುಬಿಟ್ಟಿತು. ಒಬ್ಬ ಎತ್ತುವಾಗ ಇನ್ನೊಬ್ಬ ಕೈ ಸಡಿಲ ಬಿಡುತ್ತಿದ್ದ. ಪಕ್ಕದ ಮನೆ ಅಜ್ಜ ಕೆಳಗಿಂದ "ಐಸಾ!" ಅಂತ ಕೂಗಿದರು ನೋಡಿ, ಸರಸರ ಹತ್ತಿತು.

19ನೇ ಶತಮಾನದ ಹಾಯಿಹಡಗುಗಳಲ್ಲಿ ನಾವಿಕರು ಕೆಲಸ ಮಾಡುತ್ತಾ ಹಾಡುತ್ತಿದ್ದ ಶ್ಯಾಂಟಿ ಹಾಡುಗಳೂ ಹೀಗೇ ಅಲ್ವಾ. ಹಾಯಿ ಮೇಲೇರಿಸಬೇಕು, ಹತ್ತಾರು ಕೈ ಒಂದೇ ಹಗ್ಗದ ಮೇಲೆ. ಶ್ಯಾಂಟಿಮ್ಯಾನ್ ಒಬ್ಬನೇ ಒಂದು ಸಾಲು ಹಾಡುತ್ತಾನೆ. ಅಷ್ಟು ಹೊತ್ತು ಉಳಿದವರು ಸುಮ್ನೆ ಹಗ್ಗ ಹಿಡಿದು ಉಸಿರು ತಗೊಳ್ಳೋದು. ಪಲ್ಲವಿ ಬಂತೋ, ಎಲ್ಲರ ದನಿ ಒಟ್ಟಿಗೆ. ಒತ್ತು ಬೀಳೋ ಪದಕ್ಕೆ ಸರಿಯಾಗಿ ಒಂದು ಜಗ್ಗು. ಮತ್ತೊಂದು ಜಗ್ಗು.

ಲಂಗರು ಎತ್ತೋಕೆ ಬೇರೆ ಹಾಡು. ಅಲ್ಲಿ ಕ್ಯಾಪ್‌ಸ್ಟನ್ ಅನ್ನೋ, ಲಂಗರು ಮೇಲೆಳೆಯೋ ದೊಡ್ಡ ಉರುಳೆಯನ್ನು ತಳ್ಳುತ್ತಾ ಅದರ ಸುತ್ತ ನಡೆಯಬೇಕು, ಹಾಗಾಗಿ ಹೆಜ್ಜೆಯ ಲಯ.

ಕೆಲಸ ಮುಗಿಯೋ ಮೊದಲೇ ಸಾಲು ಖಾಲಿಯಾದರೆ? ಅಲ್ಲೇ ಹೊಸದು ಕಟ್ಟೋದು. ಊಟ ಸರಿಯಿಲ್ಲ, ಕ್ಯಾಪ್ಟನ್ ಸರಿಯಿಲ್ಲ ಅಂತೆಲ್ಲ. ಮಾತಲ್ಲಿ ಹೇಳಿದರೆ ಗ್ರಹಚಾರ, ಹಾಡಲ್ಲಾದರೆ ನಡೀತಿತ್ತು. ನನಗೆ ಜಾಸ್ತಿ ಇಷ್ಟವಾಗೋದು ಇದೇ.

ಅಜ್ಜನಿಗೆ ಇದನ್ನೆಲ್ಲ ವಿವರಿಸಿದೆ. "ಮೊದಲು ಬೀರು ಗೋಡೆಗೆ ಸರಿಸಪ್ಪಾ, ದಾರೀಲಿದೆ" ಅಂದರು.