ಅದು ಭೇದಿ ಆಗಿರಲಿಲ್ಲ

ಆ ಮನೆಯ ಕೇಸ್ ಶೀಟ್‌ನಲ್ಲಿ ನನ್ನದೇ ಅಕ್ಷರ ಇದೆ: ಲೂಸ್ ಮೋಷನ್, 4 ದಿನ. ಎರಡು ವರ್ಷ ಆಯ್ತು. ಈಗಲೂ ಆ ಹಾಳೆ ಕೈಗೆ ಬಂದರೆ ಎದೆ ಚುರ್ ಅನ್ನುತ್ತದೆ.

ನಾನು ಕಾಸರಗೋಡಿನ ಗಡಿಭಾಗದ ಒಂದು ಪಂಚಾಯತಿನಲ್ಲಿ ಪಾಲಿಯೇಟಿವ್ ನರ್ಸ್, ಅಂದರೆ ಹಾಸಿಗೆ ಹಿಡಿದವರನ್ನು ಮನೆಗೇ ಹೋಗಿ ನೋಡಿಕೊಳ್ಳುವವಳು. ಹೋಮ್ ಕೇರ್ ದಿನ ಜೀಪು, ಡ್ರೈವರ್, ಆಶಾ ಅಕ್ಕ, ನಾನು. ಏಳೆಂಟು ಮನೆ. ಕ್ಯಾಥೆಟರ್ (ಮೂತ್ರದ ನಳಿಕೆ) ಚೇಂಜ್, ಡ್ರೆಸ್ಸಿಂಗ್, ಬಿ.ಪಿ., ಮತ್ತೆ ಜೀಪು. ಈ ಮನೆ ಗುಡ್ಡದ ಮೇಲೆ, ಅಡಿಕೆ ತೋಟ ದಾಟಿ ನಡೆದೇ ಹೋಗಬೇಕು. ಅಜ್ಜನಿಗೆ 74 ವರ್ಷ. ಸ್ಟ್ರೋಕ್ ಆದ ಮೇಲೆ ಮಲಗಿದಲ್ಲೇ. ಸೊಂಟ ನೋವಿಗೆ ಮಂಗಳೂರಿನಲ್ಲಿ ಬರೆಸಿಕೊಂಡ ಟ್ರಮಡಾಲ್, ಜೊತೆಗೆ ಕಬ್ಬಿಣದ ಮಾತ್ರೆ.

"ಇವರಿಗೆ ನೀರು ನೀರಾಗಿ ಹೋಗ್ತಾ ಉಂಟು ಸಿಸ್ಟರ್. ಬಟ್ಟೆ ಬದಲಿಸಿ ಸಾಕಾಯ್ತು. ಸೋರ್ತಾನೇ ಇರ್ತದೆ" ಅಂದರು ಅಜ್ಜಿ.

ಸೋರ್ತದೆ ಅಂದರು. ಸರಿಯಾದ ಮಾತನ್ನೇ ಹೇಳಿದ್ದರು. ನಮ್ಮ ಫಾರ್ಮ್ ಮಲಯಾಳದಲ್ಲಿದೆ. ಅದರಲ್ಲಿ ಮಲಬಂಧಂ (ಮಲಬದ್ಧತೆ) ಅಂತ ಒಂದು ಬಾಕ್ಸ್, ವಯರಿಳಕ್ಕಂ (ಭೇದಿ) ಅಂತ ಇನ್ನೊಂದು. ಸೋರುವುದಕ್ಕೆ ಬಾಕ್ಸೇ ಇಲ್ಲ. ನಮ್ಮ ರೂಟಿನ ಹೆಚ್ಚಿನ ಮನೆಗಳಲ್ಲಿ ಮಾತು ಕನ್ನಡ, ತುಳು. ಕೇಳಿಸಿಕೊಳ್ಳುವುದು ಒಂದು ಭಾಷೆಯಲ್ಲಿ, ಬರೆಯುವುದು ಇನ್ನೊಂದರಲ್ಲಿ. ಇದನ್ನು ರಿವ್ಯೂ ಮೀಟಿಂಗಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಲ್ಲ. ಆದರೆ ತಪ್ಪು ಫಾರ್ಮಿನದಲ್ಲ, ನನ್ನದು. ಇನ್ನೂ ಮೂರು ಮನೆ ಬಾಕಿ ಇತ್ತು. ವಯರಿಳಕ್ಕಂಗೆ ಟಿಕ್ ಹಾಕಿದೆ. ಡಾಕ್ಟರಿಗೆ ಫೋನ್ ಮಾಡಿ ಜ್ವರ ಇಲ್ಲ, ರಕ್ತ ಇಲ್ಲ, ಲೂಸ್ ಮೋಷನ್ ಅಂದೆ. ನನ್ನ ಮಾತು ನಂಬಿ ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ಮತ್ತು ಓ.ಆರ್.ಎಸ್. ಹೇಳಿದರು. ಪಿ.ಆರ್. ಮಾಡಲು, ಅಂದರೆ ಗುದದೊಳಗೆ ಬೆರಳು ಹಾಕಿ ನೋಡಲು, ಗ್ಲೌಸ್ ಬ್ಯಾಗಿನಲ್ಲೇ ಇತ್ತು. ನಾನು ತೆಗೆಯಲಿಲ್ಲ.

ಮೂರನೇ ದಿನ ಸಂಜೆ ಆಶಾ ಅಕ್ಕನ ಫೋನ್. "ಅಜ್ಜ ಒದ್ದಾಡ್ತಾ ಇದ್ದಾರೆ. ಬೆಳಗಿನಿಂದ ಮೂತ್ರ ಹೋಗಿಲ್ಲ." ಜೀಪು ಇರಲಿಲ್ಲ. ಆಟೋ ಹಿಡಿದು, ಮಳೆಯಲ್ಲಿ ತೋಟ ಹತ್ತಿದೆ. ಅಜ್ಜನ ಹೊಟ್ಟೆ ಬಿಗಿದಿತ್ತು. ಹಣೆಯಲ್ಲಿ ಬೆವರು. ಬಟ್ಟೆಯಲ್ಲಿ ಮಾತ್ರ ಅದೇ ಕಂದು ನೀರು, ಒಂದೆರಡು ಚಮಚದಷ್ಟು. ಆಗ ಹೊಳೆಯಿತು. ನಿಜವಾದ ಭೇದಿ ಆದರೆ ಒಮ್ಮೆಗೇ ಜಾಸ್ತಿ ಹೋಗುತ್ತದೆ, ಹೀಗೆ ದಿನವಿಡೀ ಒಸರುವುದಿಲ್ಲ ಅಲ್ವಾ?

ಅಜ್ಜನನ್ನು ಎಡಮಗ್ಗುಲಿಗೆ ತಿರುಗಿಸಿ, ಜೆಲ್ಲಿ ಹಚ್ಚಿ ಬೆರಳು ಹಾಕಿದೆ. ಗೆಣ್ಣಿನಷ್ಟೂ ಒಳಗೆ ಹೋಗಲಿಲ್ಲ, ತಡೆಯಿತು. ಒಣಗಿದ ಅಡಿಕೆಯ ಹಾಗೆ ಗಟ್ಟಿ, ದೊಡ್ಡ ಉಂಡೆ. ಅದರ ಸುತ್ತ ಬೆರಳ ಪಕ್ಕದಿಂದಲೇ ನೀರು ಇಳಿಯುತ್ತಿತ್ತು. ನಾನು ಮೂರು ದಿನ ಅದಕ್ಕೇ ಬೀಗ ಹಾಕಿಸಿದ್ದೆ.

ಡಾಕ್ಟರಿಗೆ ಫೋನ್ ಮಾಡಿದೆ. ವಾಂತಿ ಇದೆಯಾ ಎಂದು ಎರಡು ಸಲ ಕೇಳಿದರು. ಇದ್ದಿದ್ದರೆ ಆ ಮಳೆಯಲ್ಲೇ ಆಸ್ಪತ್ರೆಗೆ ಸಾಗಿಸಬೇಕಿತ್ತು. ಇಲ್ಲ ಅಂದೆ. ನಿಧಾನ ತೆಗೆಯಿರಿ, ಪಲ್ಸ್ ನೋಡ್ತಾ ಇರಿ ಅಂದರು. ಒಳಗೆ ಬೆರಳಾಡಿಸುವಾಗ ನಾಡಿ ಇಳಿದು ವಯಸ್ಸಾದವರು ತಲೆ ತಿರುಗಿ ಬಿಡಬಹುದು. ಆಶಾ ಅಕ್ಕ ಮಣಿಕಟ್ಟು ಹಿಡಿದು ಎಣಿಸುತ್ತಿದ್ದರು. ಅಜ್ಜಿ ಗಂಡನ ತಲೆ ನೇವರಿಸುತ್ತಿದ್ದರು. ಚೂರು ಚೂರಾಗಿ ತೆಗೆದೆ. ಅಜ್ಜ ನರಳಿದಾಗೆಲ್ಲ ನಿಲ್ಲಿಸಿದೆ. ಆಮೇಲೆ ಎನಿಮಾ. ಅರ್ಧ ಗಂಟೆಯಲ್ಲಿ ಬಕೆಟ್ ಬೇಕಾಯಿತು. ಅದರ ಬೆನ್ನಿಗೇ ಮೂತ್ರವೂ ಹೋಯಿತು. ತೆರೆದಿಟ್ಟ ಕ್ಯಾಥೆಟರ್ ಬೇಕಾಗಲಿಲ್ಲ. ಅಜ್ಜ ಕಣ್ಣು ಬಿಟ್ಟು ನನ್ನನ್ನು ನೋಡಿದರು. ಬೈದಿದ್ದರೆ ಒಳ್ಳೆಯದಿತ್ತು. "ನೀನು ಊಟ ಮಾಡಿದ್ಯಾ ಮಗಾ?" ಅಂತ ಕೇಳಿದರು.

ಗುದದ ಬಾಯಿ ಮುಚ್ಚುವ ಸ್ನಾಯುಗಳಲ್ಲಿ ಒಳಗಿನ ಬಿಗಿ ನಮ್ಮ ಹಿಡಿತದಲ್ಲಿಲ್ಲ, ತಾನೇ ಮುಚ್ಚಿಕೊಂಡಿರುತ್ತದೆ. ಹೊರಗಿನದ್ದನ್ನು ಮಾತ್ರ ನಾವು ಬಿಗಿ ಹಿಡಿಯಬಹುದು. ಗಟ್ಟಿ ಮಲ ತುಂಬಿ ನಿಂತರೆ ಒಳಗಿನ ಬಿಗಿ ಸಡಿಲವಾಗುತ್ತದೆ. ಮೇಲಿನ ತೆಳು ಮಲ ಪಕ್ಕದಿಂದ ಜಾರುತ್ತದೆ. ಮಲ ಎಷ್ಟು ಗಟ್ಟಿ, ಎಷ್ಟು ತೆಳು ಅಂತ ಗುರುತಿಸುವ ಬ್ರಿಸ್ಟಲ್ ಚಾರ್ಟಿನಲ್ಲಿ 1 ಅಂದರೆ ಗಟ್ಟಿ ಉಂಡೆ, 7 ಅಂದರೆ ಬರೀ ನೀರು. ನಾನು ಹೊರಗಿನ 7 ನೋಡಿದೆ, ಒಳಗಿದ್ದದ್ದು 1.

ಕಾರಣಗಳೆಲ್ಲ ಕಣ್ಣೆದುರೇ ಇದ್ದವು. ಟ್ರಮಡಾಲ್ ಹೊಟ್ಟೆ ಕಟ್ಟುತ್ತದೆ, ಕಬ್ಬಿಣವೂ ಕಟ್ಟುತ್ತದೆ. ಮಲಗಿದವರ ಕರುಳು ಮೊದಲೇ ನಿಧಾನ. ಅದರ ಮೇಲೆ, ಬಟ್ಟೆ ಒದ್ದೆ ಆಗದಿರಲಿ ಅಂತ ಅಜ್ಜಿ ನೀರು ಕೊಡುವುದನ್ನೇ ಕಡಿಮೆ ಮಾಡಿದ್ದರು. ಸುಮ್ನೆ ಒಂದು ಮಾತು ಕೇಳಿದ್ದರೆ ಗೊತ್ತಾಗುತ್ತಿತ್ತು.

ಆಮೇಲೆ ಲೋಪೆರಮೈಡ್ ನಿಲ್ಲಿಸಿದರು, ರಾತ್ರಿ ಮಲ ಮೆದು ಮಾಡುವ ಲ್ಯಾಕ್ಟುಲೋಸ್ ಶುರು ಮಾಡಿದರು. ಬೆಳಿಗ್ಗೆ ಬಿಸಿ ಗಂಜಿ ಕುಡಿದು 20–30 ನಿಮಿಷಕ್ಕೆ ಕಮೋಡ್ ಚೇರಿನಲ್ಲಿ ಕೂರಿಸುವುದು. ಹೊಟ್ಟೆಗೆ ಬಿದ್ದಾಗ ಕರುಳು ತಾನಾಗಿ ಅಲುಗಾಡುವ ಹೊತ್ತು ಅದು. ಕಾಲ ಕೆಳಗೆ ಮಣೆ ಇಟ್ಟು ಮೊಣಕಾಲು ಮೇಲೆ ಬರುವ ಹಾಗೆ ಮಾಡಿದೆವು. ಚರ್ಮಕ್ಕೆ ಡೆಟಾಲ್ ಬೇಡ, ನೀರಿನಲ್ಲಿ ತೊಳೆದು ಒತ್ತಿ ಒರಸಿ ಜಿಂಕ್ ಕ್ರೀಮ್. ಎರಡು ವಾರದಲ್ಲಿ ಸೋರುವುದು ನಿಂತಿತು.

ಅವತ್ತು ಅಜ್ಜಿ ನನ್ನನ್ನು ಕಳಿಸಿಕೊಡಲು ತೋಟದವರೆಗೆ ಬಂದರು. ಆಶಾ ಅಕ್ಕ ಮುಂದೆ ಹೋಗಲಿ ಅಂತ ಕಾದರು.

"ನಂಗೂ ಹಾಗೇ ಆಗ್ತದೆ ಸಿಸ್ಟರ್. ಕೆಮ್ಮಿದರೆ ಸಾಕು. ಮೂರನೇ ಹೆರಿಗೆಯಲ್ಲಿ ಹರಿದದ್ದು, ಆವಾಗಿಂದ. ಮದುವೆ, ಕೋಲ ಯಾವುದಕ್ಕೂ ಹೋಗ್ಲಿಕ್ಕೆ ಇಲ್ಲ."

ಆ ಮಗನಿಗೆ ಈಗ ನಲವತ್ತು ದಾಟಿದೆ. ಅಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ತಿಂಗಳಿಗೊಮ್ಮೆ ಆ ಮನೆಗೆ ಹೋಗುತ್ತಿದ್ದ ನಾನೂ ಕೇಳಿರಲಿಲ್ಲ.

ಈ ಸಲ ಅವಸರ ಮಾಡಲಿಲ್ಲ. ತೂಕ ಇಳಿದಿದೆಯಾ, ರಕ್ತ ಹೋಗುತ್ತದಾ, ಕಾಲು ಜೋಮು ಹಿಡಿಯುತ್ತದಾ ಕೇಳಿದೆ. ಡಾಕ್ಟರು ಬೆರಳು ಹಾಕಿ ನೋಡಿದರು. ಒಳಗೆ ಖಾಲಿ, ಬಿಗಿ ಸಡಿಲ. ಮಲ ತೆಳು ಆದ ದಿನಕ್ಕೆ ಅಜ್ಜಿಗೆ ಬರೆದದ್ದು ಅದೇ ಲೋಪೆರಮೈಡ್. ಗ್ಯಾಸ್ ತಡೆಯುವ ಹಾಗೆ ಬಿಗಿ ಹಿಡಿದು ಬಿಡುವ ವ್ಯಾಯಾಮ ನಾನು ಕಲಿಸಿದೆ, ದಿನಕ್ಕೆ ಮೂರು ಹೊತ್ತು. ಮೂರು ತಿಂಗಳಲ್ಲಿ ಅರ್ಧಕ್ಕರ್ಧ ಕಡಿಮೆ ಆಯ್ತು ಅಂದರು. ಹರಿದ ಸ್ನಾಯುವನ್ನು ಆಪರೇಷನ್ ಮಾಡಿ ಹೊಲಿಯಬಹುದಾ ಎಂದು ಕೇಳಲು ಮಂಗಳೂರಿಗೆ ಚೀಟಿಯೂ ಬರೆಸಿದ್ದೇವೆ. ಅಜ್ಜನನ್ನು ನೋಡಿಕೊಳ್ಳಲು ಮಗಳು ಬಂದ ಕೂಡಲೇ ಹೊರಡುತ್ತಾರಂತೆ.