ತೋಟದ ಫೋಟೋಗಳಿಗೆ ಕಾವಲು

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಸಂಘವೊಂದು ತನ್ನ ಸದಸ್ಯರಿಗಾಗಿ ಜಾಲತಾಣ ಮಾಡಿಸಿತ್ತು. ತೋಟದಲ್ಲಿ ಎಲೆಚುಕ್ಕಿ ರೋಗ ಕಂಡವರು ಸೋಗೆಯ ಫೋಟೋ ತೆಗೆದು ಅದಕ್ಕೆ ಏರಿಸುವುದು, ತಜ್ಞರು ನೋಡಿ ಏನು ಸಿಂಪಡಿಸಬೇಕೆಂದು ಬರೆಯುವುದು, ಇಷ್ಟು ವ್ಯವಸ್ಥೆ. ಫೋಟೋ ಏರುತ್ತಿತ್ತು. ನೋಡಲು ಹೋದರೆ ಮಾತ್ರ ಚಿತ್ರ ಇರಬೇಕಾದ ಕಡೆ ಹರಿದ ಹಾಳೆಯ ಗುರುತು. ಮಳೆಗಾಲ ಹಿಡಿದುಬಿಟ್ಟಿತ್ತು. ಎಲೆಚುಕ್ಕಿ ಹಬ್ಬುವುದೇ ಈ ತೇವದಲ್ಲಿ. ಸಲಹೆ ಒಂದು ವಾರ ತಡವಾದರೆ ಪಕ್ಕದ ತೋಟಕ್ಕೂ ದಾಟುತ್ತದೆ. ಫೋನಿನಲ್ಲಿ ಮಾತಾಡಿ ಬಗೆಹರಿಯುವ ಕೆಲಸವಲ್ಲವೆಂದು, ಜಾಲತಾಣ ಸರಿಮಾಡಲು ನಾನೇ ಶಿವಮೊಗ್ಗದಿಂದ ಬೆಳಗಿನ ಬಸ್ ಹತ್ತಿದೆ.

ಮೊದಲು ನೋಡಿದ್ದು ಫೋಟೋಗಳನ್ನು ಕೂಡಿಡುವ ಡೇಟಾಬೇಸನ್ನು. ಕೆಟ್ಟಿರುವುದು ಅಲ್ಲಿಯೇ ಆದರೆ ಬೆಳೆಗಾರರೆಲ್ಲ ಮತ್ತೆ ಮಳೆಯಲ್ಲಿ ತೋಟಕ್ಕಿಳಿದು ಫೋಟೋ ತೆಗೆಯಬೇಕಾಗುತ್ತಿತ್ತು. ಒಂದು ಫೋಟೋದ ಬೈಟುಗಳನ್ನು, ಅಂದರೆ ಫೈಲನ್ನು ಕಟ್ಟಿರುವ ಸಂಖ್ಯೆಗಳನ್ನು, ತೆರೆದೆ. ಒಂದೊಂದನ್ನೂ ಎರಡು ಅಕ್ಷರ ಅಥವಾ ಅಂಕಿಗಳಲ್ಲಿ ಬರೆಯುವುದು ವಾಡಿಕೆ. ಎಫ್‌ಎಫ್, ಡಿ8, ಎಫ್‌ಎಫ್, ಇ1. ಅದರಾಚೆಗೆ ‘ಎಕ್ಸಿಫ್’ ಎಂಬ ಅಕ್ಷರಗಳು, ಚಿತ್ರದ ಜೊತೆಗೆ ಕ್ಯಾಮೆರಾ ಬರೆದಿಡುವ ವಿವರಗಳ ಗುರುತು. ಮೊಬೈಲ್ ಕ್ಯಾಮೆರಾದ ಜೆಪೆಗ್ ಚಿತ್ರ ಸಾಮಾನ್ಯವಾಗಿ ಹೀಗೇ ಶುರುವಾಗುತ್ತದೆ. ಹೋದ ಜೀವ ಬಂದಂತಾಯಿತು. ಅದೇ ಫೋಟೋ ಬ್ರೌಸರಿಗೆ ತಲುಪಿದ ಮೇಲೆ ಹೇಗಿದೆ ಎಂದು ನೋಡಿದರೆ ಇಎಫ್ ಬಿಎಫ್ ಬಿಡಿ, ಇಎಫ್ ಬಿಎಫ್ ಬಿಡಿ ಎಂದು ಅದೇ ಮೂರು ಬೈಟು ಮತ್ತೆ ಮತ್ತೆ. ಮೊದಲ ನಾಲ್ಕು ಬೈಟುಗಳ ಜಾಗದಲ್ಲಿ ಹನ್ನೆರಡು ಬಂದು ಕೂತಿದ್ದವು.

ಇದಕ್ಕೆ ಕಾರಣ ಕನ್ನಡದ ಮೇಲಿನ ಕಾಳಜಿಯೇ. ಜಾಲತಾಣ ಕಟ್ಟಿದವರು ಕನ್ನಡ ಅಕ್ಷರಗಳು ಕಲಸಿಹೋಗಬಾರದೆಂದು ಸರ್ವರಿನಿಂದ ಹೊರಡುವ ಎಲ್ಲವನ್ನೂ ಯುಟಿಎಫ್-8 (ಎಲ್ಲ ಭಾಷೆಗಳ ಅಕ್ಷರಗಳನ್ನೂ ಬೈಟುಗಳಾಗಿ ಬರೆಯುವ ಪದ್ಧತಿ) ಪಠ್ಯವನ್ನಾಗಿ ಮಾಡಿ ಕಳುಹಿಸುತ್ತಿದ್ದರು. ಪಠ್ಯಕ್ಕೆ ಅದು ಸರಿಯಾದ ಕ್ರಮ. ‘ಕ’ ಅಕ್ಷರ ಇ0, ಬಿ2, 95 ಎಂಬ ಮೂರು ಬೈಟುಗಳಾಗಿ ಹೋಗಿ ಆ ಕಡೆ ‘ಕ’ ಆಗಿಯೇ ಮೂಡುತ್ತದೆ. ಆದರೆ ಚಿತ್ರದ ಬೈಟುಗಳು ಅಕ್ಷರಗಳಲ್ಲ. ಯುಟಿಎಫ್-8ರಲ್ಲಿ ಎಫ್‌ಎಫ್ ಎಂಬ ಬೈಟಿಗೆ ಸ್ಥಾನವೇ ಇಲ್ಲ. ಅರ್ಥವಾಗದ ಪ್ರತಿಯೊಂದರ ಬದಲಿಗೂ ಅದು ಒಂದೇ ಬದಲಿ ಚಿಹ್ನೆ ಇಡುತ್ತದೆ, ಆ ಚಿಹ್ನೆಯೇ ಇಎಫ್ ಬಿಎಫ್ ಬಿಡಿ. ಬೇರೆ ಬೇರೆ ಬೈಟುಗಳೆಲ್ಲ ಒಂದೇ ಆಗಿಬಿಟ್ಟ ಮೇಲೆ ಮೂಲವನ್ನು ಹಿಂದಕ್ಕೆ ಪಡೆಯುವ ದಾರಿಯಿಲ್ಲ. ನಮ್ಮ ಪುಣ್ಯಕ್ಕೆ ಕೆಡುತ್ತಿದ್ದುದು ಹೊರಡುವಾಗ ಮಾತ್ರ. ಚಿತ್ರಗಳಿಗೆ ಬೇರೆ ವಿಳಾಸ ಮಾಡಿ, ಬೈಟುಗಳನ್ನು ಬೈಟುಗಳಾಗಿಯೇ ಕಳುಹಿಸಿದೆ. ಹಳದಿ ಅಂಚಿನ ಕಂದು ಚುಕ್ಕಿಗಳು ತೆರೆಯ ಮೇಲೆ ಬಂದವು.

ಚಿತ್ರವನ್ನು ಬೇಸ್64, ಅಂದರೆ ಬೈಟುಗಳ ಬದಲು ಬರಿಯ ಅಕ್ಷರಗಳ ಸಾಲು, ಮಾಡಿ ಪುಟದೊಳಗೇ ತುರುಕಿದರೆ ಬೇಗ ಮುಗಿಯುತ್ತದಲ್ಲವೇ ಎಂದು ಸಂಘದ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಕೇಳಿದ್ದ. ಸಣ್ಣ ಲಾಂಛನಕ್ಕಾದರೆ ಆಗಬಹುದು. ಅದರಲ್ಲಿ ಮೂರು ಬೈಟುಗಳಿಗೆ ನಾಲ್ಕು ಅಕ್ಷರ ಬೇಕು, ಗಾತ್ರ ಮೂರನೆಯ ಒಂದು ಪಾಲು ಹೆಚ್ಚುತ್ತದೆ. ಒಂದೊಂದು ಚಿತ್ರವನ್ನೂ ಬ್ರೌಸರ್ ಬೇರೆಯಾಗಿ ನೆನಪಿಟ್ಟುಕೊಳ್ಳುವ ಅನುಕೂಲವೂ ಹೋಗುತ್ತದೆ. ಮೊಬೈಲಿಗೆ ಸಿಗ್ನಲ್ ಸಿಗಲು ಗುಡ್ಡ ಹತ್ತಬೇಕಾದ ಮನೆಗಳಿಗೆ ಈ ಹೊರೆ ಹೊರಿಸಲು ನನಗೆ ಮನಸ್ಸಾಗಲಿಲ್ಲ.

ಚಿತ್ರ ಕಂಡಿತು ಎಂದ ಕೂಡಲೇ ಎಲ್ಲರೂ ಕೆಲಸ ಮುಗಿಯಿತು ಎಂದುಕೊಂಡರು. ನನಗೆ ನಿಜವಾದ ಕಳವಳ ಹತ್ತಿದ್ದು ಆಗಲೇ. ಫೋಟೋ ಏರಿಸುವವರ ಕಡೆಯಿಂದ ‘ಇದು ಇಂಥ ಬಗೆಯ ಫೈಲ್’ ಎಂದು ಏನು ಹೇಳಿಕೆ ಬರುತ್ತದೋ ಅದನ್ನೇ ಆ ತಂತ್ರಾಂಶ ಬರೆದಿಟ್ಟುಕೊಂಡು, ತೋರಿಸುವಾಗಲೂ ಅದನ್ನೇ ಒಪ್ಪಿಸುತ್ತಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ. ಕಾರ್ಯದರ್ಶಿಯವರ ಅನುಮತಿ ಕೇಳಿ, ಪರೀಕ್ಷೆಗೆಂದು ಒಂದು ಎಸ್‌ವಿಜಿ ಫೈಲ್ ಬರೆದು ಏರಿಸಿದೆ. ಎಸ್‌ವಿಜಿ ಚಿತ್ರವೇ ಆದರೂ ಒಳಗಿರುವುದು ಪಠ್ಯ; ಅದರಲ್ಲಿ ಸ್ಕ್ರಿಪ್ಟ್, ಅಂದರೆ ಬ್ರೌಸರ್ ತಾನಾಗಿ ನಡೆಸುವ ಆದೇಶಗಳನ್ನು, ಅಡಗಿಸಬಹುದು. ಪುಟದ ನಡುವೆ ಚಿತ್ರವಾಗಿ ಕಾಣುವಾಗ ಬ್ರೌಸರ್ ಆ ಸ್ಕ್ರಿಪ್ಟನ್ನು ನಡೆಸುವುದಿಲ್ಲ. ಅದನ್ನೇ ಬೇರೆ ಕಿಟಕಿಯಲ್ಲಿ ನೇರವಾಗಿ ತೆರೆದರೆ ನಡೆಸುತ್ತದೆ. ಕಾರ್ಯದರ್ಶಿಯವರು ತಮ್ಮ ಖಾತೆಯಲ್ಲಿ ಇದ್ದುಕೊಂಡೇ ಅದನ್ನು ತೆರೆದರು. ಅವರ ಹೆಸರಿನಲ್ಲಿ, ಅವರು ಯಾವ ಗುಂಡಿಯನ್ನೂ ಒತ್ತದೆ, ಸದಸ್ಯರ ಪಟ್ಟಿ ತೆರೆಯ ಮೇಲೆ ಇಳಿಯಿತು. ‘ಮೇಡಂ, ಇದನ್ನು ಯಾರು ಬೇಕಾದರೂ ಮಾಡಬಹುದೇ?’ ಎಂದು ಕೇಳಿದರು. ಮಾಡಬಹುದು ಎಂದೆ.

ಮಧ್ಯಾಹ್ನವೆಲ್ಲ ಆ ಬಾಗಿಲುಗಳನ್ನು ಮುಚ್ಚುವುದರಲ್ಲೇ ಕಳೆಯಿತು. ಜೆಪೆಗ್, ಪಿಎನ್‌ಜಿ, ವೆಬ್‌ಪಿ ಬಿಟ್ಟು ಬೇರೆ ಯಾವುದಕ್ಕೂ ಪ್ರವೇಶವಿಲ್ಲ. ಯಾವುದು ಯಾವುದೆಂದು ನಿರ್ಧರಿಸುವುದು ಫೈಲಿನ ಹೆಸರಲ್ಲ, ನಮ್ಮ ಸರ್ವರ್. ಮೊದಲ ಬೈಟುಗಳನ್ನು ನೋಡಿದರೂ ಸಾಲದು, ಅವನ್ನು ಯಾರಾದರೂ ಅಂಟಿಸಬಹುದು. ಚಿತ್ರವನ್ನು ಪೂರ್ತಿ ಬಿಚ್ಚಿ, ಬಣ್ಣದ ಬಿಂದುಗಳನ್ನಷ್ಟೇ (ಪಿಕ್ಸೆಲ್) ಉಳಿಸಿಕೊಂಡು, ಹೊಸದಾಗಿ ಜೆಪೆಗ್ ಮಾಡಿಡಬೇಕು. ಬಿಚ್ಚುವ ಮುಂಚೆ ಅಗಲ ಎತ್ತರ ನೋಡಬೇಕು. ಸಣ್ಣ ಫೈಲೊಂದು ತಾನು 30,000 ಬಿಂದು ಅಗಲ, 30,000 ಬಿಂದು ಎತ್ತರ ಎಂದು ಹೇಳಿಕೊಂಡು ಬಂದರೆ, ಒಂದು ಬಿಂದುವಿಗೆ ನಾಲ್ಕು ಬೈಟಿನಂತೆ 360 ಕೋಟಿ ಬೈಟುಗಳ ಜಾಗ ಬೇಡುತ್ತದೆ, ಸರ್ವರ್ ಕುಸಿಯುತ್ತದೆ. ಕಳುಹಿಸುವಾಗ ಫೈಲಿನ ಬಗೆಯನ್ನು ಹೇಳುವ ಕಂಟೆಂಟ್-ಟೈಪ್ ನಾವೇ ಬರೆದು, ಜೊತೆಗೆ ‘ನೋಸ್ನಿಫ್’ ಎಂಬ ಸೂಚನೆ ಸೇರಿಸಿದೆ. ಹೇಳಿದ ಬಗೆಯನ್ನು ಬಿಟ್ಟು ಒಳಗೇನಿದೆಯೆಂದು ಬ್ರೌಸರ್ ತಾನೇ ಊಹಿಸಲು ಹೋಗದಂತೆ ತಡೆಯುವುದು ಅದೇ. ವಿಳಾಸದ ಕೊನೆಯ ಸಂಖ್ಯೆ ಬದಲಿಸಿದರೆ ಇನ್ನೊಬ್ಬರ ಫೋಟೋ ತೆರೆಯುತ್ತಿತ್ತು. ಪ್ರತಿ ಚಿತ್ರಕ್ಕೂ ಕೇಳುತ್ತಿರುವವರು ಯಾರು ಎಂಬ ತಪಾಸಣೆ ಬಂತು.

ಅಷ್ಟರಲ್ಲಿ ಆಗುಂಬೆ ಕಡೆಯ ಹಿರಿಯ ಗೌಡರೊಬ್ಬರು ತಮ್ಮ ತೋಟದ ಫೋಟೋಕ್ಕೆ ಉತ್ತರ ಬಂತೇ ಎಂದು ವಿಚಾರಿಸಲು ಬಂದಿದ್ದರು. ‘ತಂಗಿ, ನನ್ನದು ಕಾಣುತ್ತದೆಯಾ ನೋಡು’ ಎಂದರು. ತೋರಿಸಿದೆ. ಅವರನ್ನು ಕೇಳಿಯೇ, ಆ ಫೋಟೋದ ಎಕ್ಸಿಫ್ ಭಾಗವನ್ನೂ ತೆರೆದೆ. ಫೋನಿನ ಮಾದರಿ, ತೆಗೆದ ದಿನ, ಹೊತ್ತು, ಅಕ್ಷಾಂಶ, ರೇಖಾಂಶ. ಆ ಎರಡು ಸಂಖ್ಯೆಗಳನ್ನು ನಕ್ಷೆಯಲ್ಲಿ ಹಾಕಿದಾಗ ತೋಟದ ಸಾಲು, ಅಂಗಳ, ಮನೆಯ ಮಾಡು ಕಂಡವು. ಗೌಡರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, ‘ಇದು ನಮ್ಮ ಮನೆ. ಅಡಿಕೆ ಒಣಗಿಸುವುದು ಇಲ್ಲೇ’ ಎಂದು ಬೆರಳಿಟ್ಟರು. ಮಲೆನಾಡಿನಲ್ಲಿ ಮನೆಯಿಂದ ಮನೆಗೆ ಕೂಗಿದರೆ ಕೇಳಿಸದಷ್ಟು ದೂರ. ಸುಗ್ಗಿಯಲ್ಲಿ ಮನೆಯೊಳಗೆ ಅಡಿಕೆ ಮೂಟೆ, ಕಾಯುವವರು ಎಷ್ಟೋ ಕಡೆ ಇಬ್ಬರು ಮುದುಕರು. ಸೋಗೆಯ ಚುಕ್ಕಿ ತೋರಿಸಿದ್ದಕ್ಕೆ ಮನೆಯ ದಾರಿಯನ್ನೂ ಕೊಡಬೇಕೆಂದು ಅವರನ್ನು ಯಾರೂ ಕೇಳಿರಲಿಲ್ಲ. ಚಿತ್ರವನ್ನು ಹೊಸದಾಗಿ ಮಾಡುವಾಗ ಈ ಮಾಹಿತಿಯೂ ಉದುರಿಹೋಗುತ್ತದೆ ಎಂದು ವಿವರಿಸಿದೆ. ಚಿತ್ರ ಯಾವ ಕಡೆಗೆ ತಿರುಗಿರಬೇಕೆಂಬ ಸೂಚನೆಯೂ ಅದರೊಳಗೇ ಇರುತ್ತದಾದ್ದರಿಂದ ಮೊದಲು ಚಿತ್ರವನ್ನು ನೆಟ್ಟಗೆ ತಿರುಗಿಸಿ, ಆಮೇಲೆ ತೆಗೆಯಬೇಕು.

ಕಾರ್ಯದರ್ಶಿಯವರಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ರೋಗ ಯಾವ ಕಡೆಯಿಂದ ಯಾವ ಕಡೆಗೆ ಹಬ್ಬುತ್ತಿದೆ ಎಂದು ತಜ್ಞರಿಗೆ ತಿಳಿಯಬೇಡವೇ ಎಂದು ವಾದಿಸಿದರು, ಆ ಮಾತಿನಲ್ಲಿ ತೂಕವಿತ್ತು. ಕೊನೆಗೆ ಫೋಟೋದಿಂದ ಕದ್ದು ಓದುವ ಬದಲು ನೇರವಾಗಿ ಕೇಳೋಣ ಎಂದಾಯಿತು: ಫೋಟೋ ಏರಿಸುವ ಪುಟದಲ್ಲಿ ತಾಲ್ಲೂಕು ಮತ್ತು ಹೋಬಳಿ ಕಡ್ಡಾಯ, ಊರು ಬರೆಯುವುದು ಅವರವರ ಇಷ್ಟ. ಹೊಸ ಪುಟದಲ್ಲಿ ಮೊದಲು ತುಂಬಿಸಿದ್ದು ಗೌಡರ ವಿವರವನ್ನೇ. ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಹೋಬಳಿ ಎಂದು ಬರೆಸಿದರು. ಊರಿನ ಜಾಗ ಖಾಲಿ ಬಿಡಲು ಹೇಳಿದರು.